ನೇ ಮಹಡಿ, ನೇ ಮನೆ

ಅಕ್ಕ ‘ಸರಿ’ ಎಂದಷ್ಟೇ ಉತ್ತರ ಕಳಿಸಿದ್ದಳು. ವಾರವಿಡೀ ಅವನು ಆ ಒಂದು ಪದವನ್ನು ಮಗುಚಿ ಹಾಕಿ ನೋಡಿದ್ದ. ಭಾನುವಾರ ಬೆಳಿಗ್ಗೆ ಮುದ್ರಣದಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು, ಬೀಗ ರಿಪೇರಿಯವನೊಬ್ಬನ ವಿಸಿಟಿಂಗ್ ಕಾರ್ಡಿನಲ್ಲಿ ಫೋನ್ ನಂಬರನ್ನು ಒಂದು ಕೂದಲೆಳೆ ಎಡಕ್ಕೆ, ಮತ್ತೆ ಒಂದು ಕೂದಲೆಳೆ ಬಲಕ್ಕೆ ಜರುಗಿಸುತ್ತಿದ್ದಾಗಲೂ ಅದೇ ತಲೆಯೊಳಗೆ ಓಡಾಡುತ್ತಿತ್ತು. ಬರುತ್ತೇನೆ ಎಂಬ ಸರಿಯೋ, ಗೊತ್ತಾಯಿತು ಬಿಡು ಎಂಬ ಸರಿಯೋ? ಚಿಕ್ಕಂದಿನಲ್ಲಿ ಅಕ್ಕನ ಹತ್ತಿರ ಬಗೆಬಗೆಯ ಸರಿಗಳಿದ್ದವು. ಕೊಡುವುದಿಲ್ಲವೆಂದು ಹಟ ಹಿಡಿದ ಬಣ್ಣದ ಪೆನ್ಸಿಲನ್ನು ಕೊನೆಗೆ ಅವನ ಕೈಗಿಡುವಾಗಿನ ಸರಿ, ಅಮ್ಮ ಬೈದು ಮುಗಿಸಿದ ಮೇಲಿನ ಸರಿ, ಬಾಗಿಲ ಹಿಂದೆ ನಿಂತು ಅಳು ನುಂಗಿಕೊಂಡು ಹೇಳುತ್ತಿದ್ದ ಸರಿ. ಧ್ವನಿ ಕೇಳಿದರೆ ಯಾವುದು ಯಾವುದೆಂದು ಅವನು ನಿದ್ದೆಯಲ್ಲೂ ಹೇಳಬಲ್ಲ. ಆದರೆ ಈಗ ಅಕ್ಕ ಫೋನಿಗೆ ಬಾಯಲ್ಲಿ ಹೇಳುತ್ತಾಳೆ, ಫೋನು ಬರೆದುಕೊಳ್ಳುತ್ತದೆ, ಬರೆದುಕೊಳ್ಳುವಾಗ ಧ್ವನಿಯನ್ನು ಎಲ್ಲೋ ಬೀಳಿಸಿಬಿಡುತ್ತದೆ. ಅಕ್ಕನ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಅವನ ಹೊಸ ಮನೆಯ ಹೊಸ್ತಿಲನ್ನು ಅವಳಿನ್ನೂ ತುಳಿದಿರಲಿಲ್ಲ. ತುಳಿದಿರಲಿಲ್ಲ ಎನ್ನುವುದಕ್ಕಿಂತ ಅವನು ಕರೆದಿರಲಿಲ್ಲ ಎನ್ನುವುದೇ ನಿಜ. ಈಗ ಕರೆದಿದ್ದ, ಇವತ್ತು ಮಧ್ಯಾಹ್ನದ ಊಟಕ್ಕೆ. ಇವತ್ತು ಬಾರದಿದ್ದರೆ ಅವಳು ಇನ್ನು ಯಾವತ್ತೂ ಬರುವುದಿಲ್ಲ ಎಂದು ಯಾಕೋ ಅವನಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು.

ಕರೆಯುವುದಕ್ಕೇನೋ ಅವನು ಬಹಳ ಮುತುವರ್ಜಿ ವಹಿಸಿದ್ದ. ಅಕ್ಷರ ಜೋಡಿಸುವುದೇ ಕಸುಬಾದವನಿಗೆ ಅಕ್ಷರಗಳಿಗಿಂತ ಅಂಕೆಗಳ ಮೇಲೆ ಪ್ರೀತಿ ಹೆಚ್ಚು. ಅಕ್ಷರಗಳು ಗುಂಪಿನಲ್ಲಿ ಬದುಕುವಂಥವು, ಅಕ್ಕಪಕ್ಕದವರಿಲ್ಲದೆ ಅವಕ್ಕೆ ನಡೆಯುವುದಿಲ್ಲ. ಅಂಕೆ ಹಾಗಲ್ಲ, ಒಂದೊಂದೂ ತನ್ನ ಪಾಡಿಗೆ ತಾನು ಒಂಟಿಯಾಗಿ ನಿಲ್ಲಬಲ್ಲದು. ಏಳು ಎನ್ನುವುದು ಯಾವಾಗಲೂ ಸ್ವಲ್ಪ ಸಿಟ್ಟಿನಲ್ಲಿರುತ್ತದೆ. ಐದಕ್ಕೆ ಹೊಟ್ಟೆ ಬಂದಿದೆ, ಆದರೂ ಟೋಪಿ ಬಿಟ್ಟಿಲ್ಲ. ಎಂಟು ಸೊಂಟಪಟ್ಟಿ ಬಿಗಿದುಕೊಂಡು ಉಸಿರು ಹಿಡಿದಿದೆ. ಚಿಕ್ಕವನಿದ್ದಾಗ ಅವನು ಸೊನ್ನೆ ಬರೆದು ಅದಕ್ಕೆ ಕಣ್ಣು, ಮೂಗು, ಮೀಸೆ ಇಡುತ್ತಿದ್ದ. ಲೆಕ್ಕದ ಪುಸ್ತಕದ ತುಂಬ ಸೊನ್ನೆಗಳ ಸಂಸಾರ. ಅಕ್ಕ ಅವನಿಗೆ ‘ಸೊನ್ನೆ’ ಎಂದೇ ಹೆಸರಿಟ್ಟಳು, ತಲೆಗೂದಲು ನೆರೆತರೂ ಅದೇ ಹೆಸರು ಉಳಿದುಕೊಂಡಿತು. ಅಂಗಡಿಯಲ್ಲಿ ಕಾಗದದ ಆಹ್ವಾನಗಳು ಕಡಿಮೆಯಾಗಿ, ‘ಫೋನಲ್ಲಿ ಕಳಿಸೋಕೆ ನಾಲ್ಕು ಸಾಲು ಬರೆದುಕೊಡಿ ಸಾಕು’ ಎನ್ನುವ ಗಿರಾಕಿಗಳು ಹೆಚ್ಚಾದ ಮೇಲೆ ಅವನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಫೋನಿನ ಸಂದೇಶದಲ್ಲಿ ಅಂಕೆಗಳೆಲ್ಲ ಒಂದೇ ಸಮವಸ್ತ್ರ ತೊಟ್ಟು ಶಾಲೆಗೆ ಹೊರಟ ಹಾಗೆ ಕಾಣುತ್ತಿದ್ದವು. ಆಮೇಲೊಂದು ದಿನ, ಸಾದಾ ಅಂಕೆಯನ್ನು ಒಳಗೆ ಹಾಕಿದರೆ ಬಗೆಬಗೆಯ ಉಡುಪು ತೊಡಿಸಿ ಹೊರಗೆ ಕೊಡುವ ಆ್ಯಪ್ ಒಂದು ಅವನ ಕಣ್ಣಿಗೆ ಬಿತ್ತು. ದಪ್ಪ ಅಂಕೆ, ಓರೆ ಅಂಕೆ, ಬಳೆಯೊಳಗೆ ಕೂತ ಅಂಕೆ, ಕರಿ ಬಿಲ್ಲೆಯ ಮೇಲಿನ ಬಿಳಿ ಅಂಕೆ. ನಕಲು ಮಾಡಿ ಸಂದೇಶದಲ್ಲಿ ಅಂಟಿಸಿದರಾಯಿತು, ಯಾವ ಸಾಲಿನಲ್ಲಿ ಬೇಕಾದರೂ ಕೂರುತ್ತವೆ. ಅವನಿಗೆ ಬಹಳ ಹಿಡಿಸಿದ್ದು ಎರಡೆರಡು ಗೆರೆಯ, ಒಳಗೆ ಖಾಲಿ ಬಿಟ್ಟ ಅಂಕೆಗಳು: 𝟙, 𝟚, 𝟛. ಅವತ್ತಿನಿಂದ ಮನುಷ್ಯನನ್ನು ಹಿಡಿಯುವವರೇ ಇಲ್ಲವಾಯಿತು. ‘ಹಾಲು ② ಪ್ಯಾಕೆಟ್ ತರಲೇ?’ ಎಂದು ಅಂಗಡಿಯಿಂದ ಕೇಳಿದಾಗ ಹೆಂಡತಿ, “ರೀ, ಎರಡಕ್ಕೆ ಯಾಕೆ ಬಳೆ ತೊಡಿಸಿದ್ದೀರಿ, ಹಾಲು ತರೋಕೆ ತಾನೇ ಹೋಗಿರೋದು?” ಎಂದು ಫೋನ್ ಮಾಡಿಯೇ ಕೇಳಿದ್ದಳು.

ಅಕ್ಕನಿಗೆ ಕಳಿಸಿದ ಸಂದೇಶಕ್ಕೆ ಅವನು ಒಂದು ಸಂಜೆಯನ್ನೇ ವ್ಯಯಿಸಿದ್ದ. ‘ಅಕ್ಕಾ, ಭಾನುವಾರ 𝟙 ಗಂಟೆಗೆ ಊಟಕ್ಕೆ ಬಾ. ಹಳೇ ನೀರಿನ ಟ್ಯಾಂಕಿನ ಎದುರು ಹಳದಿ ಕಟ್ಟಡ, 𝟛ನೇ ಮಹಡಿ, 𝟛𝟘𝟟ನೇ ಮನೆ. 𝟙𝟜ನೇ ಬಸ್ಸು ಬಾಗಿಲಿಗೇ ಬರುತ್ತದೆ.’ ಕಳಿಸಿದ ಮೇಲೂ ಆಗಾಗ ತೆಗೆದು ನೋಡಿದ. ಮೂರು, ಸೊನ್ನೆ, ಏಳು ಒಂದರ ಪಕ್ಕ ಒಂದು ಎಷ್ಟು ಲಕ್ಷಣವಾಗಿ ನಿಂತಿದ್ದವೆಂದರೆ, ಮನೆಗಿಂತ ಮನೆಯ ನಂಬರೇ ಚೆನ್ನಾಗಿದೆ ಅನ್ನಿಸಿತು.

ಗಾಜಿನ ಬಾಗಿಲು ದಬ್ಬಿಕೊಂಡು ಈಜು ಕಲಿಸುವಾಕೆ ಒಳಗೆ ಬಂದದ್ದು ಆಗಲೇ. ಭುಜ ಅಗಲವಾದ, ಕೂದಲಿನಿಂದ ಇನ್ನೂ ನೀರಿಳಿಯುತ್ತಿದ್ದ ಹೆಂಗಸು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಹೋದ ವಾರ ಅವಳ ಹೊಸ ಈಜು ತರಗತಿಗೆ ಅವನೇ ಸಂದೇಶ ಬರೆದುಕೊಟ್ಟಿದ್ದ, ಅವಳ ಫೋನ್ ನಂಬರನ್ನು ಇದೇ ಖಾಲಿ ಹೊಟ್ಟೆಯ ಅಂಕೆಗಳಲ್ಲಿ ಸಿಂಗರಿಸಿ. ಆಗ ಅವಳು “ಅಯ್ಯೋ, ಎಷ್ಟು ಮುದ್ದಾಗಿದೆ!” ಎಂದದ್ದನ್ನು ಅವನು ಎರಡು ದಿನ ಮೆಲುಕು ಹಾಕಿದ್ದ. ಈಗ ಮತ್ತೊಮ್ಮೆ ಹೊಗಳಲು ಬಂದಳೆಂದುಕೊಂಡು ಸ್ಟೂಲಿನಿಂದ ಅರ್ಧ ಎದ್ದ.

“ಒಬ್ಬರೂ ಫೋನ್ ಮಾಡಿಲ್ಲ ಸಾರ್, ಒಬ್ಬರೂ!” ಎಂದಳು ಅವಳು, ಕೊಳದ ಆಚೆ ದಡದವರಿಗೆ ಕೇಳುವ ಗಂಟಲಲ್ಲಿ. “ಇಡೀ ಬಡಾವಣೆಗೆ ಕಳಿಸಿದ್ದೀನಿ. ವಾರದಿಂದ ನಾನೊಬ್ಬಳೇ ನೀರು ಕಾಯ್ತಾ ನಿಂತಿದ್ದೀನಿ, ಸೀಟಿ ಊದಿದ್ರೆ ನನಗೇ ಕೇಳತ್ತೆ. ನಿನ್ನೆ ಪಕ್ಕದ ಮನೆಯವರನ್ನ ಹಿಡಿದು ಕೇಳಿದೆ. ನಿಮ್ಮ ನಂಬರ್ ಒತ್ತಿದ್ರೆ ಏನೂ ಆಗಲ್ಲ ಕಣ್ರೀ, ಗೋಡೆ ಮೇಲಿನ ಫೋಟೋ ಥರ ಸುಮ್ಮನೆ ನಗ್ತಾ ಇರತ್ತೆ ಅಂದ್ರು. ಇನ್ನೊಬ್ಬರ ಹಳೇ ಫೋನಲ್ಲಿ ನಂಬರೇ ಇಲ್ಲ, ಹತ್ತು ಡಬ್ಬಿ ಸಾಲಾಗಿ ಕೂತಿವೆ!”

ಅಂಗಡಿಯ ಯಜಮಾನರು ಗಲ್ಲಾದ ಹಿಂದಿನಿಂದ ಕನ್ನಡಕ ಹಣೆಗೇರಿಸಿ, “ಏನ್ರೀ ಕಲಾವಿದರೇ, ನಂಬರ್ ಹಾಕಿದ್ರೋ ನಂಬರಿನ ಚಿತ್ರ ಬರೆದ್ರೋ?” ಎಂದರು. ಅವರಿಗೆ ಅವನನ್ನು ಗಿರಾಕಿಗಳ ಮುಂದೆ ಕಿಚಾಯಿಸುವುದೆಂದರೆ ಬೆಳಗಿನ ಕಾಫಿಯಷ್ಟೇ ಇಷ್ಟ.

“ಅವು ಅಂಕೆಗಳೇ ಅಲ್ವಂತೆ ಸಾರ್,” ಎಂದಳು ಈಜಿನಾಕೆ. ಅವಳ ಸಿಟ್ಟು ಆಗಲೇ ಅರ್ಧ ಇಳಿದು ಬೆರಗಾಗತೊಡಗಿತ್ತು. “ನಮ್ಮನೆಯವ್ರು ವಿಚಾರಿಸಿದ್ರು. ಗಣಿತದವರು ತಮ್ಮ ಪುಸ್ತಕಕ್ಕೆ ಅಂತ ಇಟ್ಕೊಂಡಿರೋ ಬೇರೆಯೇ ಗುರುತುಗಳಂತೆ. ನೋಡೋಕೆ ಮಾತ್ರ ಅಂಕೆ ಥರ. ನಮ್ಮ ಕಣ್ಣಿಗೆ ಮೂರು, ಫೋನಿಗೆ ಅದು ಮೂರೇ ಅಲ್ಲ. ನಮ್ಮ ಮಾವನೋರ ಕಥೆ ಕೇಳಿ, ಅವರಿಗೆ ಕಣ್ಣು ಮಂಜು, ಫೋನೇ ಎಲ್ಲಾ ಓದಿ ಹೇಳತ್ತೆ. ಏನಮ್ಮಾ, ನಂಬರು ಇಲ್ಲದೇನೇ ಕರೆ ಮಾಡಿ ಅಂತ ಬರೆದಿದ್ದೀಯಲ್ಲ, ಹೇಗೆ ಮಾಡೋದು ಅಂತ ನನ್ನನ್ನೇ ಕೇಳಿದ್ರು! ನಿಮ್ಮ ಅಂಕೆ ಬಂದ ಕಡೆಯೆಲ್ಲ ಫೋನು ಗಪ್ ಚುಪ್.”

ಯಜಮಾನರು ಹೊಟ್ಟೆ ಕುಣಿಯುವಂತೆ ನಕ್ಕರು. ಈಜಿನಾಕೆಗೂ ನಗು ಬಂತು. ಅವನೂ ನಗಲು ಬಾಯಿ ತೆರೆದ, ಆದರೆ ಬಾಯಿ ತೆರೆದಂತೆಯೇ ಉಳಿಯಿತು. ಕಣ್ಣು ಮಂಜು. ಫೋನೇ ಓದಿ ಹೇಳತ್ತೆ. ಇಂಗು ತಿಂದ ಮಂಗನ ಹಾಗೆ ಅವರಿಬ್ಬರ ಮುಖ ನೋಡಿ, “ಒಂದ್ನಿಮಿಷ” ಎಂದು ಕಾಗದದ ದಾಸ್ತಾನು ಕೋಣೆಗೆ ನುಗ್ಗಿ ಬಾಗಿಲು ಮುಂದೆ ಮಾಡಿಕೊಂಡ.

ಕತ್ತರಿಸಿದ ಕಾಗದದ ವಾಸನೆಯಲ್ಲಿ, ರೀಮುಗಳ ಗುಡ್ಡೆಗೆ ಒರಗಿ ನಿಂತು, ಅವನು ತನ್ನ ಫೋನಿನಲ್ಲಿ ಓದಿ ಹೇಳುವ ವ್ಯವಸ್ಥೆ ಎಲ್ಲಿದೆಯೆಂದು ಹುಡುಕಿದ. ಎರಡು ಸಲ ತಪ್ಪು ಕಡೆ ಒತ್ತಿದ. ಕೊನೆಗೆ ಯಾವುದೋ ಹೆಂಗಸಿನ ತಣ್ಣನೆಯ, ಯಾರ ಅಕ್ಕನೂ ಅಲ್ಲದ ಧ್ವನಿ ಅವನದೇ ಸಂದೇಶವನ್ನು ಅವನಿಗೆ ಒಪ್ಪಿಸಿತು. “ಅಕ್ಕಾ, ಭಾನುವಾರ ಗಂಟೆಗೆ ಊಟಕ್ಕೆ ಬಾ. ಹಳೇ ನೀರಿನ ಟ್ಯಾಂಕಿನ ಎದುರು ಹಳದಿ ಕಟ್ಟಡ, ನೇ ಮಹಡಿ, ನೇ ಮನೆ. ನೇ ಬಸ್ಸು ಬಾಗಿಲಿಗೇ ಬರುತ್ತದೆ.” ಇನ್ನೊಮ್ಮೆ ಕೇಳಿದ. ನೇ ಮಹಡಿ, ನೇ ಮನೆ. ತಡೆದುಕೊಳ್ಳಲಾಗದೆ ಅವನಿಗೆ ಕಿಸಕ್ಕನೆ ನಗು ಬಂದುಬಿಟ್ಟಿತು. ನಕ್ಕಿದ್ದಕ್ಕೆ ತನ್ನ ಮೇಲೇ ಹೇಸಿಗೆಯೆನಿಸಿ ನಾಲಿಗೆ ಕಚ್ಚಿಕೊಂಡ. ಆರು ತಿಂಗಳು ಮುಖ ತೋರಿಸದ ತಮ್ಮ, ಕಣ್ಣಿಲ್ಲದ ಅಕ್ಕನಿಗೆ, ಗಂಟೆಯಿಲ್ಲದ ಹೊತ್ತಿಗೆ ನಂಬರಿಲ್ಲದ ಮನೆಗೆ ಬಾ ಎಂದು ಕರೆದಿದ್ದಾನೆ. ಅದಕ್ಕೆ ಅವಳು ‘ಸರಿ’ ಎಂದಿದ್ದಾಳೆ. ಈಗ ಅದು ಯಾವ ಸರಿಯೆಂದು ಅವನಿಗೆ ಗೊತ್ತಾದಂತಾಯಿತು. ಅದರ ಮೇಲೆ ‘ಹಳದಿ ಕಟ್ಟಡ’ ಬೇರೆ! ಹಳದಿ ಕಟ್ಟಡವಂತೆ, ಹಳದಿ! ಹಣೆ ಹಣೆ ಚಚ್ಚಿಕೊಂಡ.

ಅವರಿಬ್ಬರ ನಡುವೆ ಹೋಗಿಬರುವುದು ನಿಂತದ್ದೂ ಇಂಥದೇ ಎಡವಟ್ಟಿನಿಂದ, ಆರು ತಿಂಗಳ ಹಿಂದಿನ ಒಂದು ಮಧ್ಯಾಹ್ನ. ಅಕ್ಕನ ಮನೆಯ ಕಿಟಕಿಯ ಹತ್ತಿರ ಇಬ್ಬರೂ ಎದುರುಬದುರು ಕೂತಿದ್ದರು. ಅವಳು ಹೆಣಿಗೆ ಹೆಣೆಯುತ್ತಿದ್ದಳು, ಕಣ್ಣಿದ್ದಾಗಲೂ ಕೈ ನೋಡದೇ ಹೆಣೆಯುತ್ತಿದ್ದವಳು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂತು ಜನ್ಮವಿಡೀ ಕರೆ ಜೋಡಿಸಿದವಳಿಗೆ ಲೋಕವೆಲ್ಲ ಕಿವಿಯಿಂದಲೇ ಬಂದದ್ದು. ಯಾವ ವಾರ್ಡಿಗೆ ಯಾವ ನಂಬರು, ಯಾವ ವೈದ್ಯರ ಮನೆಗೆ ಯಾವ ನಂಬರು, ಎಲ್ಲ ಅವಳ ನಾಲಿಗೆಯ ಮೇಲೆ ಪದ್ಯದಂತೆ ಇದ್ದವು. ಅವನಿಗೆ ಅಂಕೆಯೆಂದರೆ ಆಕಾರ, ಅವಳಿಗೆ ಅಂಕೆಯೆಂದರೆ ಸದ್ದು. ಒಂದೇ ಮನೆಯಲ್ಲಿ ಬೆಳೆದವರು ಇಷ್ಟು ಬೇರೆಯಾಗಿ ಇರಬಹುದೇ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಕಣ್ಣು ಹೋದ ಮೇಲೆ ಅವನಿಗೆ ಅವಳೆದುರು ಕೂರುವುದೇ ಕಷ್ಟವಾಗಿತ್ತು. ತಾನು ಹೊಸ ಅಂಗಿ ತೊಟ್ಟಿದ್ದರೆ ಅವಳಿಗೆ ಕಾಣುವುದಿಲ್ಲ, ತಾನು ಮಾಡಿದ ಕಾರ್ಡನ್ನು ತೋರಿಸಿದರೆ ಬೆರಳಾಡಿಸಿ “ಕಾಗದ ದಪ್ಪಗಿದೆ” ಎನ್ನುತ್ತಾಳೆ, ಅಷ್ಟೇ. ಅಂಥ ಸಣ್ಣ ಸಣ್ಣ ಬೇಸರಗಳು ಅವನಲ್ಲಿದ್ದವು. ಹೇಳಿಕೊಳ್ಳಲು ನಾಚಿಕೆಯಾಗುವಂಥವು. ಅವತ್ತು ಅಕ್ಕ ಹೆಣಿಗೆ ನಿಲ್ಲಿಸಿ, “ಯಾಕೋ ಬರೋದು ಕಡಿಮೆ ಮಾಡಿದ್ದೀಯ. ನನ್ನ ಮೇಲೆ ಬೇಜಾರೇನೋ ಸೊನ್ನೆ?” ಎಂದು ಕೇಳಿದ್ದಳು. ಅವನು ಜೋರಾಗಿ ತಲೆಯಾಡಿಸಿದ, ಇಲ್ಲ ಇಲ್ಲ ಎಂದು. ಕಣ್ಣಲ್ಲಿ ನೀರೂ ಬಂದಿತ್ತು. ಅಕ್ಕ ಕಾದಳು. ಅವಳು ಕಾಯುತ್ತಿದ್ದಾಳೆಂದು ಅವನಿಗೆ ತಟ್ಟನೆ ಹೊಳೆಯಿತು, ತಲೆಯಾಡಿಸಿದ್ದು ಅವಳಿಗೆ ಕಂಡಿಲ್ಲವೆಂದು ಹೊಳೆಯಿತು, ಆದರೆ ಅಷ್ಟರಲ್ಲಿ ತಡವಾಗಿಬಿಟ್ಟಿತ್ತು. ಈಗ ಬಾಯಿಬಿಟ್ಟು ಇಲ್ಲ ಎಂದರೆ ಯೋಚಿಸಿ ಹೇಳಿದಂತಾಗುತ್ತದೆ, ಸುಳ್ಳಿನಂತೆ ಕೇಳುತ್ತದೆ ಎಂದುಕೊಂಡು ಸುಮ್ಮನೆ ಕೂತ. ಅಕ್ಕ ಮತ್ತೆ ಸೂಜಿ ಕೈಗೆತ್ತಿಕೊಂಡಳು. ಆಮೇಲೆ ಅವನು ಹೋಗಲಿಲ್ಲ, ಅವಳೂ ಕೇಳಲಿಲ್ಲ.

ದಾಸ್ತಾನು ಕೋಣೆಯಿಂದಲೇ ಅಕ್ಕನಿಗೆ ಫೋನ್ ಮಾಡಿದ. ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಕರೆ ಬಂದರೆ ಎರಡನೇ ಗಂಟೆಗೆ ಎತ್ತದಿದ್ದರೆ ಅವಮಾನ ಎಂದುಕೊಳ್ಳುವ ಹೆಂಗಸು ಅವಳು. ಎತ್ತಲಿಲ್ಲ ಎಂದರೆ ಎತ್ತುವ ಮನಸ್ಸಿಲ್ಲ ಎಂದೇ ಲೆಕ್ಕ. ಸಂದೇಶವನ್ನು ಮತ್ತೆ ಬರೆಯೋಣವೆಂದು ಸಾದಾ ಅಂಕೆಗಳನ್ನು ಒತ್ತಿದ: 307. ಬನಿಯನ್ನಿನಲ್ಲಿ ಬೀದಿಗೆ ಬಂದ ಮನುಷ್ಯರ ಹಾಗೆ ಕಂಡವು. ಇಂಥ ಹೊತ್ತಿನಲ್ಲೂ ತನಗೆ ಹೀಗನ್ನಿಸುತ್ತದಲ್ಲ ಎಂದು ಅವನಿಗೆ ಗಾಬರಿಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಎದುರಿಗೆ ನಿಂತಿತು. ಅಕ್ಕನಿಗೆ ಕಾಣುವುದಿಲ್ಲವೆಂಬುದು ಅವನಿಗೆ ಮರೆತಿರಲಿಲ್ಲ. ಅಂಕೆಗಳನ್ನು ಸಿಂಗರಿಸುತ್ತಿದ್ದ ಆ ಸಂಜೆ ಅದು ಚೆನ್ನಾಗಿಯೇ ನೆನಪಿತ್ತು. ನೆನಪಿದ್ದೂ ಸಿಂಗರಿಸಿದ್ದ.

ಅವನು ಹೊರಗೆ ಬಂದಾಗ ಯಜಮಾನರು ಈಜಿನಾಕೆಗೆ ಹೊಸ ಸಂದೇಶವನ್ನು ತಾವೇ ಒಂದು ಬೆರಳಿನಲ್ಲಿ ಕುಟ್ಟಿಕೊಡುತ್ತಿದ್ದರು. “ಅಕ್ಕನಿಗೂ ಅದನ್ನೇ ಕಳಿಸಿದ್ದೀನಿ. ಅಕ್ಕನಿಗೆ ಕಣ್ಣು ಕಾಣಲ್ಲ,” ಎಂದ. ಇಬ್ಬರ ನಗುವೂ ನಿಂತಿತು. ಯಜಮಾನರು ಏನೋ ತಮಾಷೆ ಹೇಳಲು ಹೊರಟವರು, ಅವನ ಮುಖ ನೋಡಿ, “ಹೋಗ್ರೀ, ಮೊದಲು ಹೋಗಿ ಕರ್ಕೊಂಡು ಬನ್ನಿ. ಬೀಗದವನ ಕಾರ್ಡು ಎಲ್ಲೂ ಓಡಿಹೋಗಲ್ಲ,” ಎಂದರು. ಈಜಿನಾಕೆ ಬಾಗಿಲು ಹಿಡಿದುಕೊಂಡು, “ನಡ್ಕೊಂಡು ಹೋಗ್ಬೇಡಿ ಸಾರ್, ಓಡಿ!” ಎಂದಳು. ಅವನು ನಿಜಕ್ಕೂ ಓಡಿದ.

ಅಕ್ಕ ಇದ್ದದ್ದು ಊರಿನ ಆಚೆ ತುದಿಯ ಕಿರಿದಾದ ಗಲ್ಲಿಯಲ್ಲಿ, ಇಸ್ತ್ರಿ ಅಂಗಡಿಯ ಮೇಲಿನ ಮನೆಯಲ್ಲಿ. ಬಸ್ಸಿಳಿದು ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಮಾತುಗಳನ್ನು ಜೋಡಿಸಿಕೊಂಡಿದ್ದ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದರ ಸಮೇತ. ಬಾಗಿಲಿಗೆ ಬೀಗ. ನಂಬಲಾಗದೆ ಮತ್ತೊಮ್ಮೆ ಫೋನ್ ಮಾಡಿದ. ಬೀಗ ಹಾಕಿದ ಬಾಗಿಲ ಹಿಂದೆ, ಒಳಗೆಲ್ಲೋ, ಅಕ್ಕನ ಫೋನು ಹಾಡಿಕೊಂಡಿತು. ಬೀಗದ ಮೇಲೆ ಕೈಯಿಟ್ಟುಕೊಂಡು ಅದು ತಾನಾಗಿ ನಿಲ್ಲುವ ತನಕ ಕೇಳುತ್ತ ನಿಂತ. ಕೆಳಗಿಳಿದು ಬಂದರೆ ಇಸ್ತ್ರಿಯವನು ಒಂದು ಅಂಗಿಯ ಕಾಲರಿನಿಂದ ತಲೆಯೆತ್ತದೆಯೇ ಹೇಳಿದ:

“ಅಮ್ಮಾವ್ರು ಆಗಲೇ ಹೊರಟ್ರಲ್ಲ. ಬೆಳಿಗ್ಗೆನೇ ಒಳ್ಳೇ ಬಟ್ಟೆ ಇಸ್ತ್ರಿ ಮಾಡಿಸ್ಕೊಂಡ್ರು. ಎಲ್ಲಿಗೆ ಅಂದೆ, ತಮ್ಮನ ಮನೆಗೆ ಅಂದ್ರು. ಎಲ್ಲಿ ಬರತ್ತೆ ಅದು ಅಂದೆ. ‘ಗೊತ್ತಿಲ್ಲಪ್ಪ, ಹುಡುಕಬೇಕು’ ಅಂತ ನಕ್ಕರು.”

“ಒಬ್ಬಳೇನಾ?”

“ಕೋಲು ಇತ್ತಲ್ಲ,” ಎಂದ ಇಸ್ತ್ರಿಯವನು. ಅದೇ ಸಾಕೆಂಬಂತೆ.

ವಾಪಸು ಬರಲು ಸಿಕ್ಕ ಬಸ್ಸಿಗೆ ಅವನು ಓಡಿ ಹತ್ತಿದ. ಹಣೆಯ ಮೇಲೆ ಚುಕ್ಕಿದೀಪಗಳಲ್ಲಿ ಒರಟಾಗಿ 14 ಎಂದು ಉರಿಸಿಕೊಂಡಿದ್ದ ಬಸ್ಸು. ಆ ನಾಲ್ಕರ ವಕ್ರತನಕ್ಕೆ ಅವನು ಆರು ತಿಂಗಳಿಂದ ದಿನಾ ಮೂಗು ಮುರಿದಿದ್ದ. ಜನರು ಮಾತ್ರ ಅದನ್ನು ನೋಡಿ ಹತ್ತುತ್ತಿದ್ದರು, ಇಳಿಯುತ್ತಿದ್ದರು, ತಲುಪಬೇಕಾದಲ್ಲಿಗೆ ತಲುಪುತ್ತಿದ್ದರು. ಕಿಟಕಿಗೆ ಹಣೆಯೊತ್ತಿ ಅವನು ದಾರಿಯಲ್ಲಿ ಕಂಡ ಬಿಳಿ ಕೋಲುಗಳನ್ನೆಲ್ಲ ದಿಟ್ಟಿಸಿದ. ಒಂದು ಛತ್ರಿಯಾಗಿತ್ತು, ಇನ್ನೊಂದು ಪೇಂಟರನ ಕೈಯ ಕೊಳವೆಯಾಗಿತ್ತು. ಅಡ್ಡದಾರಿಯಲ್ಲಿ ಅಕ್ಕ ಬಿದ್ದಿರುವಂತೆ, ಸುತ್ತ ಜನ ಸೇರಿರುವಂತೆ, ಯಾರೋ ‘ಎಲ್ಲಿಗೆ ಹೋಗ್ಬೇಕಮ್ಮಾ?’ ಎಂದು ಕೇಳುವಂತೆ, ಅವಳು ‘ನೇ ಮನೆ’ ಎನ್ನುವಂತೆ ಕಣ್ಣಿಗೆ ಕಟ್ಟಿತು. ಹೆಂಡತಿಯ ಫೋನು ಬಂತು. “ರೀ, ಎಲ್ಲಿದ್ದೀರಿ? ಅಡುಗೆ ಆಗಿ ಆರ್ತಾ ಇದೆ. ಅಕ್ಕ ಇನ್ನೂ ಬಂದಿಲ್ಲ.” “ಹೊರಟಿದ್ದಾಳೆ,” ಎಂದ. “ಅಲ್ರೀ, ಹಾಗಾದ್ರೆ ಒಳ್ಳೇದೇ ಅಲ್ವಾ, ಯಾಕೆ ಧ್ವನಿ ಹಾಗಿದೆ?” ಎಂದಳು ಅವಳು. ಅವನು ‘ಬಂದೆ’ ಎಂದು ಫೋನಿಟ್ಟ.

ಕಟ್ಟಡದ ಗೇಟಿನೊಳಗೆ ಕಾಲಿಟ್ಟರೆ, ಆರು ತಿಂಗಳಿಂದ ಮುಚ್ಚಿದ್ದನ್ನು ಮಾತ್ರ ಅವನು ಕಂಡಿದ್ದ ನೆಲಮಹಡಿಯ ಬಾಗಿಲು ಹಾರುಹೊಡೆದಿತ್ತು. ಒಬ್ಬ ಮುದುಕಿ ಹೊಸ್ತಿಲಲ್ಲೇ ನಿಂತಿದ್ದಳು, ಅವನಿಗಾಗಿಯೇ ಕಾದಂತೆ. “ನೀನೇನಪ್ಪಾ ತಮ್ಮ? ನಿಮ್ಮಕ್ಕ ಬಂದಿದ್ಲು. ಬಾಗಿಲು ತಟ್ಟಿ, ‘ನನ್ನ ತಮ್ಮ ಈ ಕಟ್ಟಡದಲ್ಲಿ ಎಲ್ಲೋ ಇದ್ದಾನೆ, ನಿಮ್ಮ ಮನೇಲೇನಾದ್ರೂ ಇದ್ದಾನಾ?’ ಅಂತ ಕೇಳಿದ್ಲು. ಎಷ್ಟು ನಗಿಸಿದ್ಲಪ್ಪ ತಾಯಿ! ನೀರು ಕುಡಿಸಿ ಕಳಿಸಿದೆ. ಮೇಲೆ ಹೋದ್ಲು.” ಅವನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಮೊದಲ ಮಹಡಿಯಲ್ಲಿ ತೋಳ ಮೇಲೆ ಮಗುವನ್ನು ಹಾಕಿಕೊಂಡ ಹೆಂಗಸೊಬ್ಬಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸೊನ್ನೆ ಅಂದ್ರೆ ನೀವೇನಾ?” ಎಂದಳು. ಹೌದೆನ್ನದೆ ವಿಧಿಯಿರಲಿಲ್ಲ. “ಇಲ್ಲಿ ಕೂತಿದ್ರು, ಮಗೂನ ಮಲಗಿಸಿಕೊಟ್ರು. ತಮ್ಮನ ಹೆಸರೇನು ಅಂದ್ರೆ ಮೊದಲು ನಿಮ್ಮ ನಿಜವಾದ ಹೆಸರು ಹೇಳಿದ್ರು, ನಮಗ್ಯಾರಿಗೂ ಗೊತ್ತಿರಲಿಲ್ಲ. ಹೇಗಿದ್ದಾನೆ ಅಂದೆ. ‘ನೋಡಿ ಬಹಳ ದಿನ ಆಯ್ತು’ ಅಂದ್ರು.” ಮಗು ಮಿಸುಕಿತು, ಹೆಂಗಸು ದನಿ ತಗ್ಗಿಸಿ ಮೇಲಕ್ಕೆ ಕೈ ತೋರಿಸಿದಳು.

ಎರಡನೇ ಮಹಡಿಗೆ ಬರುವ ಮೊದಲೇ ಅಕ್ಕನ ನಗು ಕೇಳಿಸಿತು. ಕಾರು ಓಡಿಸಲು ಕಲಿಸುವ ಮೇಷ್ಟ್ರ ಮನೆ ಅದು. ರಾತ್ರಿ ಫೋನಿನಲ್ಲಿ ಕಿರುಚಾಡುತ್ತಾನೆಂದು ಅವನು ಒಳಗೊಳಗೇ ಶಪಿಸುತ್ತಿದ್ದ ಮನುಷ್ಯ ಈಗ ಕುರ್ಚಿಯ ತುದಿಗೆ ಕೂತು, ಎರಡೂ ಕೈಯಲ್ಲಿ ಗಾಳಿಯ ಸ್ಟೀರಿಂಗ್ ತಿರುಗಿಸುತ್ತ, ಗಿಡಕ್ಕೆ ಗುದ್ದಿದ ಶಿಷ್ಯನೊಬ್ಬನ ಕಥೆ ಹೇಳುತ್ತಿದ್ದ. ಸೋಫಾದ ಮೇಲೆ, ಕೋಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಇಸ್ತ್ರಿಯ ಮಡಿಕೆ ಇನ್ನೂ ಮಾಸದ ಬಟ್ಟೆಯಲ್ಲಿ ಅಕ್ಕ ಕೂತಿದ್ದಳು. ಕೂದಲು ಹೆಚ್ಚು ಬೆಳ್ಳಗಾಗಿತ್ತು. ಅವನು ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟ. ಒಂದು ಮಾತೂ ಆಡಿರಲಿಲ್ಲ.

“ಬಂದ್ಯಾ?” ಎಂದಳು ಅಕ್ಕ, ಮುಖ ಅವನತ್ತ ತಿರುಗಿಸಿ. “ಇನ್ನೊಂದು ಮಹಡಿ ನೋಡೋದು ಬಾಕಿ ಇತ್ತು. ನಾನೇ ಬರ್ತಿದ್ದೆ.”

“ಅಕ್ಕಾ, ನಾನು ಬರೆದಿದ್ದೆ,” ಎಂದು ಅವನು ಶುರುಮಾಡಿದ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. “ಎಲ್ಲಾ ಬರೆದಿದ್ದೆ ಕಣೇ. ಮಹಡಿ, ಮನೆ, ಬಸ್ಸು, ಗಂಟೆ, ಒಂದನ್ನೂ ಬಿಟ್ಟಿಲ್ಲ. ಆ ಅಂಕೆಗಳು ಅಂಕೆ ಥರ ಕಾಣ್ತವೆ, ಆದ್ರೆ ಫೋನಿಗೆ ಅಂಕೆ ಅಲ್ವಂತೆ, ನನಗೆ ಇವತ್ತೇ ಗೊತ್ತಾಗಿದ್ದು. ಸ್ವಲ್ಪ ಚೆನ್ನಾಗಿ ಕಾಣಲಿ ಅಂತ...”

“ಯಾರಿಗೆ?” ಎಂದಳು ಅಕ್ಕ.

ಸಿಟ್ಟಿನಲ್ಲಿ ಕೇಳಿದ್ದಲ್ಲ. ಬೋರ್ಡಿನ ಮುಂದೆ ಕೂತು ‘ಯಾರಿಗೆ ಬೇಕು?’ ಎಂದು ಕೇಳುತ್ತಿದ್ದವಳ ಅದೇ ಸಾವಧಾನ. ಕಾರಿನ ಮೇಷ್ಟ್ರು ಅಡುಗೆಮನೆಯಲ್ಲಿ ಏನೋ ನೆನಪಾದವರ ಹಾಗೆ ಎದ್ದು ಒಳಗೆ ಹೋದರು. ಅವನು ಗೋಡೆ ನೋಡಿದ, ನೆಲ ನೋಡಿದ, ಸ್ಟೀರಿಂಗ್ ಹಿಡಿದ ಯಾರದೋ ಫೋಟೋ ನೋಡಿದ. ಎಲ್ಲೂ ಸುಳ್ಳೊಂದು ಸಿಗಲಿಲ್ಲ.

“ನನಗೇ,” ಎಂದ.

“ಹೂಂ,” ಎಂದಳು ಅಕ್ಕ. “ಅಂದ್ರೆ ಚೆನ್ನಾಗಿತ್ತು ಅನ್ನು.”

“ತುಂಬಾ ಚೆನ್ನಾಗಿತ್ತಕ್ಕಾ,” ಎಂದ ಅವನು. ಅವಳು ನಕ್ಕಳು. ನಕ್ಕದ್ದರಿಂದ ಅವನಿಗೆ ಧೈರ್ಯ ಬಂತು. “ಫೋನು ಓದಿದಾಗ ನಿನಗೆ ಏನನ್ನಿಸ್ತು? ಬೇಕೂಂತಲೇ ಬಿಟ್ಟಿದ್ದೀನಿ ಅಂದ್ಕೊಂಡ್ಯಾ?”

“ಮತ್ತೇನು ಅಂದ್ಕೊಳ್ಳಲಿ? ಎಲ್ಲರ ನಂಬರೂ ಓದತ್ತೆ ಆ ಫೋನು. ಕರೆದ ಹಾಗೂ ಆಗಬೇಕು, ನಾನು ಬರದ ಹಾಗೂ ಆಗಬೇಕು ಅಂತ ಹುಷಾರಾಗಿ ಬರೆದಿದ್ದಾನೆ ಅಂದ್ಕೊಂಡೆ. ಒಂದು ರಾತ್ರಿ ಪೂರ್ತಿ ಸಿಟ್ಟಿತ್ತು. ಅದಕ್ಕೇ ಫೋನ್ ಮಾಡಿ ಕೇಳಲಿಲ್ಲ, ಇವತ್ತು ಫೋನನ್ನೂ ಮನೇಲೇ ಬಿಟ್ಟು ಬಂದೆ.”

“ಅಂದ್ಕೊಂಡೂ ಯಾಕೆ ಬಂದೆ?”

“ಅದಕ್ಕೇ ಬಂದೆ,” ಎಂದಳು ಅಕ್ಕ, ಕೋಲನ್ನು ಕಟಕಟನೆ ಬಿಡಿಸುತ್ತ. “ಬಾ ಅಂತ ಬಾಯ್ತುಂಬ ಕರೆಯೋರ ಮನೆಗೆ ಯಾವತ್ತು ಬೇಕಾದ್ರೂ ಹೋಗಬಹುದು. ಅವಸರ ಏನಿದೆ? ನೀನು ಬಾಗಿಲು ಮುಚ್ಕೊಳ್ತಾ ಇದ್ದೀಯ ಅನ್ನಿಸ್ತು. ಪೂರ್ತಿ ಮುಚ್ಚೋದ್ರೊಳಗೆ ಬರೋಣ ಅಂತ ಬಂದೆ. ನಡಿ, ಹಸಿವಾಗ್ತಿದೆ.”

ಮೇಷ್ಟ್ರಿಗೆ ಅವನು ಹೇಗೆ ಕೈಮುಗಿದ, ಏನು ಹೇಳಿದ ಎಂಬುದು ಆಮೇಲೆ ಅವನಿಗೆ ನೆನಪಿರಲಿಲ್ಲ. ಅಕ್ಕ ಅವನ ಮೊಣಕೈ ಹಿಡಿದುಕೊಂಡಳು. ಅವಳ ಬೆರಳುಗಳು ಹಗುರವಾಗಿದ್ದವು, ಆದರೂ ಅವನ ಇಡೀ ತೋಳು ಅವುಗಳ ಕಡೆಗೇ ಗಮನವಿಟ್ಟಿತ್ತು. ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವಿನ ತಿರುವಿನಲ್ಲಿ ಅವನ ಮೂಗಿನ ತುದಿಯಿಂದ ಒಂದು ಹನಿ ಅಂಗಿಯ ಮೇಲೆ ಬಿತ್ತು. ತುಟಿ ಕಚ್ಚಿ, ಉಸಿರು ಕಟ್ಟಿ, ಭುಜ ಅಲುಗದ ಹಾಗೆ ನೋಡಿಕೊಂಡ. ಯಾರಿಗೂ ತೊಂದರೆ ಕೊಡದಂತೆ ಅಳುವುದರಲ್ಲಿ ಅವನು ಮೊದಲಿಂದಲೂ ನಿಪುಣ. ಅಕ್ಕ ನಿಂತಳು.

“ಅಳ್ತಿದ್ದೀಯೇನೋ?”

ಅವನು ಮತ್ತೆ ತಲೆಯಷ್ಟೇ ಆಡಿಸಿದ.

“ಅಳೋದಾದ್ರೆ ಸದ್ದು ಮಾಡಿ ಅಳೋ ಮುಠ್ಠಾಳ,” ಎಂದಳು ಅಕ್ಕ. “ನನಗೆ ಹೇಗೆ ಗೊತ್ತಾಗಬೇಕು?”

ಆಗ ಅವನು, ತಲೆಗೂದಲು ನೆರೆತವನು, ಮೆಟ್ಟಿಲ ಕಂಬಿ ಹಿಡಿದುಕೊಂಡು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಗೊಳೋ ಎಂದು ಅತ್ತ. ಮೇಲೊಂದು, ಕೆಳಗೆರಡು ಬಾಗಿಲುಗಳು ತೆರೆದುಕೊಂಡವು. ಅಕ್ಕ ತಲೆಯನ್ನು ಸ್ವಲ್ಪ ಓರೆ ಮಾಡಿ, ಒಂದು ಸದ್ದನ್ನೂ ಬಿಡದೆ, ಕೊನೆಯವರೆಗೂ ಕೇಳಿಸಿಕೊಂಡಳು.